ಬಾಡಿಗೆಯವರು ತಂದ ಚಿಲಕ

2002ರಲ್ಲಿ ಪಟ್ಟಾಭಿ ಜೋಯಿಸರು ತಮ್ಮ ಯೋಗಶಾಲೆಯನ್ನು ಲಕ್ಷ್ಮೀಪುರಂನಿಂದ ಗೋಕುಲಂಗೆ ತಂದಾಗ ನಮ್ಮ ಬಡಾವಣೆಯ ಮಹಡಿಗಳಿಗೆಲ್ಲ ಇದ್ದಕ್ಕಿದ್ದಂತೆ ಬೆಲೆ ಬಂತು. ಅಲ್ಲಿಯವರೆಗೆ ಗೋಕುಲಂ ಎಂದರೆ ಮೈಸೂರಿನವರ ಪಾಲಿಗೆ ಪಿಂಚಣಿದಾರರ ಬಡಾವಣೆ. ಬೆಳಗ್ಗೆ ಹಾಲಿನ ಬೂತು, ಸಂಜೆ ಪಾರ್ಕು, ರಾತ್ರಿ ವಾರ್ತೆ ಮುಗಿದ ಮೇಲೆ ದೀಪ ಆರಿಸಿ ಮಲಗುವ ಜನ. ಅಂಥ ರಸ್ತೆಗಳಲ್ಲಿ ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡ ಬಿಳಿಯರು ಗೇಟಿನಿಂದ ಗೇಟಿಗೆ ಹೋಗಿ, "ರೂಮ್? ರೂಮ್?" ಎಂದು ಕೇಳತೊಡಗಿದರು. ಮೊದಮೊದಲು ನಾವು ಕಿಟಕಿಯ ಪರದೆ ಸರಿಸಿ ನೋಡಿದೆವು. ಆಮೇಲೆ ಒಬ್ಬೊಬ್ಬರಾಗಿ ಗೇಟು ತೆಗೆದೆವು.

ನಮ್ಮ ಮನೆಯ ಗೇಟು ತೆಗೆಯುವುದಕ್ಕೆ ಕಾರಣ ಬ್ಯಾಂಕಿನ ಬಡ್ಡಿ. 2000ನೇ ಇಸವಿಯ ಹೊತ್ತಿಗೆ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ನಮ್ಮೆಜಮಾನರೂ ಅರ್ಜಿ ಹಾಕಿ ಹೊರಬಂದಿದ್ದರು. ಬಂದ ದುಡ್ಡಿನಲ್ಲಿ ಅರ್ಧ ಠೇವಣಿ, ಇನ್ನರ್ಧ ಮಹಡಿ. ಮೇಲೆ ಎರಡು ಕೋಣೆ, ಒಂದು ಬಚ್ಚಲು. ದಸರೆಗೆ ಬರುವ ನೆಂಟರಿಗೆ, ಮುಂದೆ ಮಗಳ ಬಾಣಂತನಕ್ಕೆ ಎಂದೆಲ್ಲ ಲೆಕ್ಕಾಚಾರ. ಠೇವಣಿಯ ಬಡ್ಡಿ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋದಾಗ, ಮಗಳು ಇನ್ನೂ ಹತ್ತನೇ ಕ್ಲಾಸಿನಲ್ಲಿದ್ದಾಗ, ಅವಳ ಬಾಣಂತನದ ಕೋಣೆ ಫಿನ್‌ಲೆಂಡಿನ ಒಬ್ಬ ಹೆಂಗಸಿಗೆ ಬಾಡಿಗೆಗೆ ಹೋಯಿತು. ಬೆಳಗಿನ ತಿಂಡಿ ನಮ್ಮದೇ. ಮಹಡಿಗೆ ಮೆಟ್ಟಿಲು ಹಾಲ್‌ನೊಳಗಿಂದ. ಮನೆ ಕಟ್ಟುವಾಗ ಹೊರಗಿನ ಮೆಟ್ಟಿಲು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನೆಂಟರನ್ನು ಯಾರಾದರೂ ಹೊರಗಿನಿಂದ ಹತ್ತಿಸುತ್ತಾರೆಯೇ?

ಯೋಗದವರ ದಿನ ಬೆಳಗಿನ ಜಾವ ಮೂರಕ್ಕೆ ಶುರು. ಶಾಲೆಯ ಗಡಿಯಾರ ಹದಿನೈದು ನಿಮಿಷ ಮುಂದಿರುತ್ತಿತ್ತು, ಅದಕ್ಕೆ ಇವರ ಅಲಾರಂ ಇನ್ನಷ್ಟು ಮುಂದೆ. ಮಹಡಿಯಲ್ಲಿ ನಲ್ಲಿ ತಿರುಗಿದರೆ ಕೆಳಗೆ ನಮ್ಮ ಮಂಚದ ತಲೆದೆಸೆಯ ಗೋಡೆಯಲ್ಲಿ ಪೈಪು ಗುಡುಗುಟ್ಟುತ್ತಿತ್ತು. ಸೋಲಾರಿನಲ್ಲಿ ರಾತ್ರಿಯಿಂದ ಉಳಿದ ಬಿಸಿನೀರು ನಾಲ್ಕು ಗಂಟೆಗೇ ಖಾಲಿ. ಆರಕ್ಕೆ ಸ್ನಾನಕ್ಕೆ ಹೋಗುವ ನಮ್ಮವರಿಗೆ ತಣ್ಣೀರು. ಶನಿವಾರ ಶಾಲೆಗೆ ರಜೆ, ಅವತ್ತು ಹರಳೆಣ್ಣೆ ಹಚ್ಚಿಕೊಂಡು ಎಣ್ಣೆಸ್ನಾನ ಮಾಡಬೇಕೆಂಬುದು ಅವರೊಳಗಿನ ಪದ್ಧತಿ. ಶನಿವಾರದ ಎಣ್ಣೆಸ್ನಾನ ನಮ್ಮ ಮನೆಯಲ್ಲೂ ಇದ್ದದ್ದೇ. ಆದರೆ ಸೀಗೆಪುಡಿ ಹಾಕಿ ಎಣ್ಣೆ ಇಳಿಸಿ, ಆಮೇಲೆ ಬಚ್ಚಲು ಉಜ್ಜುವ ವಿದ್ಯೆ ಪುಸ್ತಕ ಓದಿ ಎಣ್ಣೆ ಹಚ್ಚಿಕೊಂಡವರಿಗೆ ತಿಳಿದಿರಲಿಲ್ಲ. ಮಹಡಿಯ ಬಚ್ಚಲಿನ ನೆಲದಲ್ಲಿ ನಮ್ಮ ಕೆಲಸದಾಕೆ ಜಾರಿ ಬಿದ್ದ ಮೇಲೆ, ನಾನೇ ಒಂದು ಡಬ್ಬಿ ಸೀಗೆಪುಡಿ ಮೇಲಿಟ್ಟು, ಹೇಗೆಂದು ಕೈಸನ್ನೆಯಲ್ಲಿ ತೋರಿಸಿ ಬಂದೆ.

ಇವೆಲ್ಲ ಸಣ್ಣ ಕಿರಿಕಿರಿ. ದೊಡ್ಡದು ಹಾಲ್‌ನದು. ಮೇಲಿನವರು ಎಲ್ಲಿಗೆ ಹೋಗಬೇಕಾದರೂ ನಮ್ಮ ಹಾಲ್ ದಾಟಿಯೇ ಹೋಗಬೇಕು. ಬನಿಯನ್ನು, ಪಂಚೆಯಲ್ಲಿ ಪೇಪರು ಹರಡಿಕೊಂಡು ಕೂರುವುದೇ ನಿವೃತ್ತಿಯ ಸುಖ ಎಂದುಕೊಂಡಿದ್ದ ನಮ್ಮವರು ಮೆಟ್ಟಿಲಿನ ಸದ್ದಾದರೆ ಎದ್ದು ಅಂಗಿ ಹುಡುಕಬೇಕು. ನಮ್ಮತ್ತೆ ಸೀರಿಯಲ್ ನೋಡುತ್ತ ಅಳುವಂತಿಲ್ಲ. ಗಂಡ ಹೆಂಡತಿ ಜೋರಾಗಿ ಒಂದು ಮಾತಾಡುವಂತಿಲ್ಲ. ಜಗಳವನ್ನು ಪಿಸುಮಾತಿನಲ್ಲಿ ಆಡುವುದು ಎಷ್ಟು ಕಷ್ಟ ಎಂಬುದು ಆಡಿದವರಿಗೇ ಗೊತ್ತು. ಅರ್ಧಕ್ಕೇ ನಗು ಬಂದು ಜಗಳ ಕೆಟ್ಟುಹೋಗುತ್ತಿತ್ತು.

ಲಕ್ಷ್ಮೀಪುರಂನಲ್ಲಿ ಜೋಯಿಸರ ಮನೆಯೇ ಶಾಲೆಯಾಗಿತ್ತು ಎಂದು ಹಳೆಯ ವಿದ್ಯಾರ್ಥಿಗಳು ತಿಂಡಿ ತಿನ್ನುತ್ತ ಹೇಳುತ್ತಿದ್ದರು. ಕೋಣೆಯಲ್ಲಿ ಒಂದು ಸಲಕ್ಕೆ ಹನ್ನೆರಡು ಜನಕ್ಕೆ ಮಾತ್ರ ಜಾಗ, ಉಳಿದವರು ಮೆಟ್ಟಿಲ ಮೇಲೆ ಕಾಯಬೇಕು, ಅಭ್ಯಾಸ ಮುಗಿಸಿದವರಿಗೆ ಜೋಯಿಸರ ಪತ್ನಿ ಸಾವಿತ್ರಮ್ಮನವರ ಕೈಯ ಕಾಫಿ. 1948ರಿಂದ ನಡೆದ ಶಾಲೆ ಅದು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲಿಸ್‌ಬೆತ್ ಬಂದು ಕಲಿತು ಹೋಗಿ ಪುಸ್ತಕ ಬರೆದ ಮೇಲೆ ಪರದೇಶದವರು ಬರತೊಡಗಿದರಂತೆ. ಕೇಳುವವರಿಗೆ ಇದೊಂದು ಚಂದದ ಕಥೆ. ನನಗೆ ಮಾತ್ರ ಆ ತಾಯಿಯ ಅಡುಗೆಮನೆ ಕಣ್ಣಮುಂದೆ ಬರುತ್ತಿತ್ತು. ಬೆಳಗಾಗುವ ಮೊದಲೇ ಮನೆಯ ತುಂಬ ಬೆವೆತ ಜನ. ಆಕೆ ತಲೆ ಬಾಚಿಕೊಳ್ಳುತ್ತಿದ್ದದ್ದು ಯಾವ ಹೊತ್ತಿಗೆ, ಎಲ್ಲಿ?

ನಮ್ಮತ್ತೆಯ ವಿಷಯ ಹೇಳಬೇಕು. ಮಡಿಯವರು. ಮಹಡಿಯನ್ನು ಬಾಡಿಗೆಗೆ ಕೊಡುತ್ತೇವೆಂದಾಗ ಒಂದು ವಾರ ಮಾತು ಬಿಟ್ಟಿದ್ದರು. ಅವರನ್ನು ಒಲಿಸಿದ್ದು ಅಮಾವಾಸ್ಯೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಶಾಲೆಯಲ್ಲಿ ಅಭ್ಯಾಸವಿಲ್ಲ. ಮುಂದಿನ ರಜೆ ಯಾವತ್ತು ಎಂದು ಫಿನ್‌ಲೆಂಡಿನಾಕೆ ಕೇಳಿದಾಗ ಅತ್ತೆ ಗೂಟಕ್ಕೆ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ತಿಥಿ ಎಷ್ಟು ಗಳಿಗೆಯವರೆಗೆ ಇದೆ ಎಂಬುದರ ಸಮೇತ ಹೇಳಿದರು. ಪರದೇಶದವಳೊಬ್ಬಳು ತಮ್ಮ ಪಂಚಾಂಗದ ಪ್ರಕಾರ ರಜೆ ತೆಗೆದುಕೊಳ್ಳುತ್ತಾಳೆ ಎಂಬುದು ಅವರಿಗೆ ಬಹಳ ಹಿಡಿಸಿತು. ಆದರೂ ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಆಕೆ ಹಾಲು ಮೊಸರು ಮುಟ್ಟುವುದಿಲ್ಲ ಎಂದು ತಿಳಿದಾಗ, "ಪಾಪ, ಯಾವ ವ್ರತವೋ" ಎಂದು ಅವಲಕ್ಕಿಗೆ ಎಣ್ಣೆಯ ಒಗ್ಗರಣೆ ಹಾಕಿಸಿದರು.

ಆಗೆಲ್ಲ ಮೊಬೈಲು ಕಡಿಮೆ. ಮೇಲಿನವರಿಗೆ ಫೋನು ಬಂದರೆ ನಮ್ಮ ಹಾಲ್‌ಗೇ. ಒಂದು ರಾತ್ರಿ ಎಂಟೂವರೆಗೆ ಫೋನು ಬಂತು, ಮಗಳು ಕೂಗಿ ಕರೆದಳು. ಫಿನ್‌ಲೆಂಡಿನಾಕೆ ಇಳಿದು ಬಂದು ರಿಸೀವರ್ ಹಿಡಿದಳು. ಟೀವಿ ನಡೆಯುತ್ತಿತ್ತು, ನಾವು ನಾಲ್ವರೂ ಅಲ್ಲೇ. ನಮಗೆ ಒಂದಕ್ಷರವೂ ಗೊತ್ತಿಲ್ಲದ ಭಾಷೆ. ಆಕೆ ಹೆಚ್ಚು ಮಾತಾಡಲೂ ಇಲ್ಲ. ಬರೀ ಹೂಂಗುಟ್ಟುತ್ತ ಬಲಗೈಯಿಂದ ಫೋನಿನ ವೈರನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಸಾವಿನ ಸುದ್ದಿ ಯಾವ ಭಾಷೆಯಲ್ಲಿ ಬಂದರೂ ತಿಳಿಯುತ್ತದೆ. ನಾನು ಎದ್ದು ಹತ್ತಿರ ಹೋಗಬೇಕೇ ಬೇಡವೇ ಎಂದು ಅಂದಾಜಾಗದೆ ಕೂತಿದ್ದೆ. ನಮ್ಮವರು ಪೇಪರು ಎತ್ತಿಕೊಂಡರು. ಅತ್ತೆ ಮಾತ್ರ ಎದ್ದು ಟೀವಿ ಆರಿಸಿದರು. ಮಗಳ ಭುಜ ಹಿಡಿದು, ನಮ್ಮಿಬ್ಬರಿಗೂ ಕಣ್ಣಲ್ಲೇ ಸನ್ನೆ ಮಾಡಿ, ಎಲ್ಲರನ್ನೂ ಅಡುಗೆಮನೆಗೆ ಕರೆದುಕೊಂಡು ಹೋಗಿ ನಡುವಿನ ಪರದೆ ಎಳೆದರು. ಆ ಹಾಲ್‌ನಲ್ಲಿ ಬೇರೆ ಯಾರಿಗೂ ಹೊಳೆಯದ ಕೆಲಸ ಅದು. ಅಳುವುದಕ್ಕೆ ಒಂದು ಜಾಗ ಬೇಕು, ನಾವು ಎದ್ದುಹೋದರೆ ಆ ಜಾಗ ತಾನಾಗಿ ಆಗುತ್ತದೆ. ಅಡುಗೆಮನೆಯಲ್ಲಿ ನಾವು ನಾಲ್ವರೂ ಮಾತಿಲ್ಲದೆ ಅವರೆಕಾಯಿ ಸುಲಿದೆವು. ಮೆಟ್ಟಿಲು ಹತ್ತುವ ಸದ್ದಾದ ಮೇಲೆ ಅತ್ತೆ ಒಂದು ಲೋಟ ಬಿಸಿ ಬೆಲ್ಲದ ಪಾನಕ ಮಾಡಿಸಿ, ತಾವೇ ಮೊಣಕಾಲು ಹಿಡಿದುಕೊಂಡು ಮಹಡಿ ಹತ್ತಿ, ಬಾಗಿಲ ಮುಂದಿಟ್ಟು, ಒಂದೇ ಒಂದು ಸಲ ಮೆಲ್ಲಗೆ ಬಾಗಿಲು ತಟ್ಟಿ ಇಳಿದು ಬಂದರು. ತೀರಿಕೊಂಡದ್ದು ಆಕೆಯ ತಂದೆ ಎಂದು ಮಾರನೆಯ ದಿನ ಆಕೆಯೇ ಹೇಳಿದಳು.

ಹೊರಗಿನ ಮೆಟ್ಟಿಲು ಬಂದದ್ದು ಮಾವನವರ ತಿಥಿಯ ದೆಸೆಯಿಂದ. ಅಷ್ಟೊತ್ತಿಗೆ ಎರಡೂ ಕೋಣೆಗೆ ಜನ ಬಂದಿದ್ದರು. ಹಾಲ್‌ನಲ್ಲಿ ಬ್ರಾಹ್ಮಣರು ಎಲೆಯ ಮುಂದೆ ಕೂತಿದ್ದಾರೆ, ನಮ್ಮವರು ಒದ್ದೆ ಪಂಚೆಯಲ್ಲಿ ಎಳ್ಳುನೀರು ಬಿಡುತ್ತಿದ್ದಾರೆ. ಅಷ್ಟರಲ್ಲಿ ಮೇಲಿನ ಎರಡನೇ ಕೋಣೆಯ ಹುಡುಗ ಎಳನೀರು ಕುಡಿಯಲು ಹೊರಟವನು ಚಡ್ಡಿಯಲ್ಲಿ, ಬರಿಮೈಯಲ್ಲಿ ಅರ್ಧ ಮೆಟ್ಟಿಲು ಇಳಿದು ನಿಂತ. ಪುರೋಹಿತರು ಮಂತ್ರ ನಿಲ್ಲಿಸಲಿಲ್ಲ, ಆದರೆ ಸ್ವರ ಒಂದು ಮೆಟ್ಟಿಲು ಕೆಳಗಿಳಿಯಿತು. ಆ ಹುಡುಗ ಪರಿಸ್ಥಿತಿ ಅರಿತವನಂತೆ ನಿಂತಲ್ಲೇ ಮೆಟ್ಟಿಲ ಮೇಲೆ ಕೂತ. ಮೇಲಕ್ಕೆ ಹೋದರೆ ಸದ್ದಾದೀತೆಂದು ಹೋಗಲಿಲ್ಲ, ಕೆಳಕ್ಕಂತೂ ಬರುವಂತಿಲ್ಲ. ಪಿಂಡಪ್ರದಾನ ಮುಗಿಯುವವರೆಗೆ ಕೈಕಟ್ಟಿ ಕೂತೇ ಇದ್ದ. ಅವನದು ಏನೂ ತಪ್ಪಿಲ್ಲ. ಬಾಡಿಗೆ ಕೊಟ್ಟವನಿಗೆ ಬಾಗಿಲಿನಿಂದ ಹೊರಗೆ ಹೋಗುವ ಹಕ್ಕಿಲ್ಲವೇ? ನಮ್ಮವರದೂ ತಪ್ಪಿಲ್ಲ. ಅಪ್ಪನ ತಿಥಿ ಮಾಡುವುದನ್ನು ಪರರು ಮೆಟ್ಟಿಲ ಮೇಲೆ ಕೂತು ನೋಡಬೇಕೇ? ಆ ತಿಂಗಳೇ ಮೇಟಗಳ್ಳಿಯ ವೆಲ್ಡಿಂಗ್ ಶಾಪಿನವನು ಬಂದು ಅಳತೆ ತೆಗೆದ. ಮನೆಯ ಪಕ್ಕದ ಓಣಿಯಲ್ಲಿ, ಸಂಪಿನ ಪಕ್ಕದಿಂದ, ಕಬ್ಬಿಣದ ಸುರುಳಿ ಮೆಟ್ಟಿಲು ಮೇಲೆದ್ದಿತು. ಒಳಗಿನ ಮೆಟ್ಟಿಲ ತುದಿಗೆ ಬಾಗಿಲು ಬಿತ್ತು.

ಮೆಟ್ಟಿಲಿನ ಜೊತೆಗೆ ನಿಯಮಗಳೂ ಬಂದವು. ತಿಂಡಿ ಕೊಡುತ್ತೇವೆ, ಅಡುಗೆಮನೆ ಕೊಡುವುದಿಲ್ಲ. ಪೂಜೆ ನೋಡಬಹುದು, ಫೋಟೋ ತೆಗೆಯುವಂತಿಲ್ಲ. ಹಬ್ಬಕ್ಕೆ ಕರೆದರೆ ಬನ್ನಿ, ಕರೆಯದಿದ್ದರೆ ಬೇಸರ ಬೇಡ. ಇವನ್ನೆಲ್ಲ ಮೊದಲ ದಿನವೇ, ಅಡ್ವಾನ್ಸು ಕೈಗೆ ಬರುವ ಮುಂಚೆಯೇ ಹೇಳಿಬಿಡುತ್ತಿದ್ದೆ. ಮೊದಲ ದಿನ ಹೇಳಿದ್ದನ್ನು ಎಲ್ಲರೂ ನಿಯಮವೆಂದು ಒಪ್ಪುತ್ತಾರೆ, ಅದನ್ನೇ ತಿಂಗಳು ಕಳೆದು ಹೇಳಿದರೆ ಸಿಟ್ಟೆಂದು ತಿಳಿಯುತ್ತಾರೆ. ಒಬ್ಬಿಬ್ಬರು ಮಾತ್ರ, ಇದು ಹೋಟೆಲಿನ ಹಾಗಾಯಿತು, ನಾವು ಬಂದದ್ದು ಕುಟುಂಬದ ಜೊತೆ ಇರಲು ಎಂದರು. ಅತ್ತೆ ದೀಪ ಹಚ್ಚುವುದು, ನಾನು ರಂಗೋಲಿ ಇಡುವುದು ಎಲ್ಲ ತಮಗೆ ಕೋಣೆಯ ಜೊತೆಗೆ ಸಿಗಬೇಕಾದ್ದು ಎಂದೇ ಅವರು ತಿಳಿದಿದ್ದರು. ರಂಗೋಲಿಯನ್ನು ಬೀದಿಯ ಜನವೆಲ್ಲ ನೋಡುತ್ತಾರೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ನಿದ್ದೆಗಣ್ಣಿನಲ್ಲಿ, ಕೆದರಿದ ಜಡೆಯಲ್ಲಿ ಬಗ್ಗಿ ಚುಕ್ಕಿ ಇಡುವಾಗ ಬಾಲ್ಕನಿಯಿಂದ ಕ್ಯಾಮೆರಾ ಹಿಡಿದರೆ ಅದು ಬೇರೆ. ಒಬ್ಬಳಿಗೆ ಅಷ್ಟನ್ನೂ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಮಾರನೆಯ ದಿನದಿಂದ ಅವಳೇ ಕೆಳಗೆ ಬಂದು ಚುಕ್ಕಿ ಇಡಲು ಕಲಿತಳು. ಅವಳ ಜಡೆಯೂ ಕೆದರಿರುತ್ತಿತ್ತು, ಸರಿಹೋಯಿತು.

ಇಷ್ಟರವರೆಗೆ ಕೇಳಿದವರು, ಪರರನ್ನು ಒಳಗೆ ಬಿಟ್ಟುಕೊಂಡು ಮನೆಯವರು ಏಕಾಂತ ಕಳೆದುಕೊಂಡರು, ಮೆಟ್ಟಿಲು ಕಟ್ಟಿಸಿ ಮರಳಿ ಪಡೆದರು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ, ಮಗಳು ಒಂದು ಮಾತು ಆಡುವವರೆಗೆ. ಅವಳಾಗ ಪಿಯುಸಿ. ಓದುತ್ತಿದ್ದ ಕೋಣೆಗೆ ಅತ್ತೆ ಕಡಲೆಪುರಿ ಹಿಡಿದು ನುಗ್ಗಿದರು. ಅವಳು ತಲೆಯೆತ್ತದೆಯೇ ಕೇಳಿದಳು: "ಅಜ್ಜೀ, ಮೇಲಿನವರ ಬಾಗಿಲು ತಟ್ಟಿ ಹೋಗ್ತೀಯಲ್ಲ, ನಂದ್ಯಾಕೆ ತಟ್ಟಲ್ಲ?"

"ಅವರು ದುಡ್ಡು ಕೊಡ್ತಾರಮ್ಮ" ಎಂದರು ಅತ್ತೆ, ತಮಾಷೆಗೆ.

ತಮಾಷೆಯೇ ಇರಬಹುದು, ನನಗೆ ಅಲ್ಲೇ ನಾಟಿತು. ಸಾವಿನ ಸುದ್ದಿ ಬಂದ ರಾತ್ರಿ ಪರದೆ ಎಳೆದು ಜಾಗ ಮಾಡಿಕೊಟ್ಟ ಹೆಂಗಸು, ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನನ್ನ ಕೋಣೆಯ ಬಾಗಿಲು ತಟ್ಟಿದ್ದಿಲ್ಲ. ಅವರ ಅತ್ತೆಯೂ ಅವರ ಬಾಗಿಲು ತಟ್ಟಿರಲಾರರು. ಹಗಲುಹೊತ್ತು ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡರೆ ಒಂದೋ ಕಾಯಿಲೆ, ಇಲ್ಲವೇ ಮುನಿಸು. ಸುಮ್ಮನೆ ಹಾಕಿಕೊಂಡೆ ಎಂದರೆ ಯಾರೂ ನಂಬುವುದಿಲ್ಲ. ನಮ್ಮಮ್ಮನ ಕಾಗದವನ್ನೂ ನಾನು ಓದುತ್ತಿದ್ದದ್ದು ಬಚ್ಚಲಲ್ಲಿ ನಿಂತು. ನಮ್ಮವರ ಬನಿಯನ್ನಿನ ಸ್ವಾತಂತ್ರ್ಯ ಹೋಯಿತೆಂದು ಮನೆಯೆಲ್ಲ ಮರುಗಿತ್ತಲ್ಲ, ಆ ಹಾಲ್‌ನಲ್ಲಿ ಒಂದು ದಿನವಾದರೂ ನಾನು ಕಾಲು ಚಾಚಿ ಕೂತದ್ದುಂಟೇ? ಮೇಲಿನವರು ಬಂದು ಕಿತ್ತುಕೊಂಡರು ಎಂದು ನಾನು ದೂರುತ್ತಿದ್ದ ವಸ್ತು ನನ್ನ ಹತ್ತಿರ ಎಂದೂ ಇರಲೇ ಇಲ್ಲ. ಮಹಡಿಯ ಬಾಡಿಗೆ ಕೊಟ್ಟವರಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬೇಕೇ ಬೇಕೆಂದು ನಾನೇ ಅಂಗಡಿಗೆ ಹೋಗಿ ಹಿತ್ತಾಳೆಯದು ತಂದು ಹಾಕಿಸಿದ್ದೆ. ನಮ್ಮ ಕೋಣೆಯ ಚಿಲಕ ಮುರಿದು ಯಾವ ಕಾಲವಾಗಿತ್ತೋ.

ಮಾರನೆಯ ವಾರ ಇನ್ನೆರಡು ಹಿತ್ತಾಳೆ ಚಿಲಕ ಬಂದವು. ಒಂದು ಮಗಳ ಕೋಣೆಗೆ, ಇನ್ನೊಂದು ನಮ್ಮದಕ್ಕೆ. ಅತ್ತೆಗೆ ಇದು ಅರ್ಥವಾಗಲು ಸಮಯ ಹಿಡಿಯಿತು. ಮೊದಲು, "ನಾನೇನು ಕಳ್ಳಿಯೇ?" ಎಂದರು. ಆಮೇಲೆ ತಟ್ಟತೊಡಗಿದರು, ತಟ್ಟುವುದೂ ನುಗ್ಗುವುದೂ ಒಟ್ಟಿಗೇ. ಕೊನೆಗೊಂದು ದಿನ ತಟ್ಟಿ ಕಾದರು. ಅದಾದ ಕೆಲವು ದಿನಕ್ಕೆ, "ನನ್ನ ಕೋಣೆಗೂ ಒಂದು ಹಾಕಿಸು" ಎಂದರು. ಬಾಗಿಲು ಹಾಕಿಕೊಂಡು ಅವರು ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಕೇಳಲಿಲ್ಲ.

ಕೇಳದೆ ಇರುವುದನ್ನು ನಾನು ಕಲಿತದ್ದೂ ಮೇಲಿನವರಿಂದಲೇ. ಬಾಡಿಗೆಯವರ ಬಗ್ಗೆ ಮನೆಯವರಿಗೆ ಗೊತ್ತಾಗುವಷ್ಟು ಅವರ ಊರಿನ ನೆಂಟರಿಗೂ ಗೊತ್ತಿರುವುದಿಲ್ಲ. ಯಾರು ಎಷ್ಟು ಹೊತ್ತಿಗೆ ಮಲಗುತ್ತಾರೆ, ಯಾರಿಗೆ ನಿದ್ದೆಯಿಲ್ಲ, ಯಾರ ಕೋಣೆಗೆ ಯಾರು ಬರುತ್ತಾರೆ, ತಾರಸಿಯ ತಂತಿಯಲ್ಲಿ ಒಣಗುವ ಬಟ್ಟೆ ಯಾರದು. ಪಾಸ್‌ಪೋರ್ಟು, ವೀಸಾದ ಜೆರಾಕ್ಸು ನಮ್ಮ ಬೀರುವಿನಲ್ಲಿ. ಪರದೇಶದವರು ಬಂದು ಇಳಿದ 24 ಗಂಟೆಯೊಳಗೆ ಫಾರಂ 'ಸಿ' ಕೊಡಬೇಕಿತ್ತು. ಹೋಟೆಲುಗಳಿಗೆ ಮಾತ್ರವಲ್ಲ, ದುಡ್ಡು ಪಡೆದು ಇಳಿಸಿಕೊಂಡ ಮನೆಗೂ ಅದೇ ನಿಯಮವಿತ್ತು. ನಮ್ಮವರು ಮೊದಲು ಕಾಗದದಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ತುಂಬುತ್ತಿದ್ದರು. ಹುಟ್ಟಿದ ತಾರೀಖು, ಎಲ್ಲಿಂದ ಬಂದರು, ಮುಂದೆಲ್ಲಿಗೆ, ಎಲ್ಲ ಅದರಲ್ಲಿ. ಪೊಲೀಸರಿಗೆ ಅಷ್ಟು ಸಾಕು. ನೆರೆಯವರಿಗೆ ಸಾಲದು. ತರಕಾರಿ ಗಾಡಿಯ ಹತ್ತಿರ, ದೇವಸ್ಥಾನದಲ್ಲಿ, "ಆ ಹುಡುಗಿಗೆ ಮದುವೆಯಾಗಿದೆಯಾ? ಆ ಗಡ್ಡದವನು ಅವಳಿಗೆ ಏನಾಗಬೇಕು?" ಎಂಬ ವಿಚಾರಣೆ. "ಗೊತ್ತಿಲ್ಲ" ಎಂದರೆ ನಂಬುತ್ತಿರಲಿಲ್ಲ. "ಕೇಳಿಲ್ಲ" ಎನ್ನತೊಡಗಿದೆ. ಅದಕ್ಕೆ ಅವರ ಬಳಿ ಮರುಪ್ರಶ್ನೆ ಇರಲಿಲ್ಲ.

2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು ಎಂದು ನಮ್ಮವರು ಹೆಮ್ಮೆಯಿಂದ ಪೇಪರು ಓದಿ ಹೇಳಿದರು. ಅತ್ತೆಗೆ ಆಗ ಕಿವಿ ಮಂದ. ಎರಡು ಸಲ ಹೇಳಿಸಿಕೊಂಡು, "ಬಾಗಿಲು ತಟ್ಟಿ ಒಳಗೆ ಬನ್ನಿ ಅನ್ನೋದಕ್ಕೂ ದಿಲ್ಲಿಗೆ ಹೋಗಬೇಕಾಯ್ತೇನೋ" ಎಂದರು. ಆ ತೀರ್ಪಿನ ಪುಟಗಳನ್ನು ಪೂರ್ತಿ ಓದಿದವರು ಇನ್ನೂ ಗಂಭೀರವಾದ ಸಾರಾಂಶ ಹೇಳಿಯಾರು. ಅವತ್ತು ಸಂಜೆ ಬೀರುವಿನ ಜೆರಾಕ್ಸುಗಳನ್ನೆಲ್ಲ ತೆಗೆದು ಹಳೆಯವನ್ನು ಹರಿದು ಹಾಕಿದೆವು. ಖಾಲಿಮಾಡಿ ಹೋಗಿ ವರ್ಷಗಳಾದವರ ಮುಖಗಳನ್ನು ಬೀರುವಿನಲ್ಲಿ ಕೂಡಿಟ್ಟು ಆಗಬೇಕಾದ್ದೇನು?

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಗೋಕುಲಂ ಖಾಲಿಯಾಯಿತು. ವಿಮಾನ ಸಿಕ್ಕವರು ಸಿಕ್ಕಂತೆ ಹೊರಟರು. ನಮ್ಮ ಮಹಡಿಯವರು ಚಾಪೆಯನ್ನೂ ಬಿಟ್ಟು ಹೋದರು. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು, ಮಗಳು ಬೆಂಗಳೂರಿನಲ್ಲಿ. ಹಾಲ್‌ನಲ್ಲಿ ನಮ್ಮವರು ಮತ್ತೆ ಬನಿಯನ್ನಿಗೆ ಇಳಿದರು. ಇಡೀ ಮನೆ ನಮ್ಮದೇ ಆಯಿತು. ಆದರೆ ಲಾಕ್‌ಡೌನಿನಲ್ಲಿ ಇಬ್ಬರೇ ಇರುವ ಮನೆಯಲ್ಲೂ ಹೊತ್ತು ಹೊತ್ತಿಗೆ ಕಾಫಿ, "ಅದೆಲ್ಲಿಟ್ಟೆ", "ಯಾರ ಫೋನು" ಎಲ್ಲ ಇದ್ದೇ ಇತ್ತು. ಒಂದು ಮಧ್ಯಾಹ್ನ ಮಹಡಿ ಗುಡಿಸಲು ಹೋದವಳು ಕಬ್ಬಿಣದ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಕೂತೆ. ಚಿಲಕ ಹಾಕಿಕೊಂಡೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿದೆ. ಮಾರನೆಯ ದಿನವೂ ಹೋದೆ.

ಯೋಗದವರು ಮತ್ತೆ ಬರತೊಡಗಿದಾಗ ಒಂದೇ ಕೋಣೆಯನ್ನು ಬಾಡಿಗೆಗೆ ಬಿಟ್ಟೆ. ಇನ್ನೊಂದು ನನ್ನದು. ಒಂದು ಮೇಜು, ಮಂಚ, ಕಿಟಕಿಯ ಆಚೆ ಹೊಂಗೆಮರ. ಅಲ್ಲಿ ದೊಡ್ಡದೇನೂ ನಡೆಯುವುದಿಲ್ಲ. ಓದುತ್ತೇನೆ, ಮಲಗುತ್ತೇನೆ, ಇಂಥ ಬರಹ ಬರೆಯುತ್ತೇನೆ. ನಮ್ಮವರು ಬ್ಯಾಂಕಿನವರಲ್ಲವೇ, ಪ್ರತಿ ತಿಂಗಳು ಮನೆಯ ಖರ್ಚಿನ ಪುಸ್ತಕದಲ್ಲಿ "ಎರಡನೇ ಕೋಣೆ: ಬಾಡಿಗೆ ನಷ್ಟ" ಎಂದು ಒಂದು ಸಾಲು ಬರೆಯುತ್ತಾರೆ. ಆ ಸಾಲಿನಲ್ಲಿ 'ನಷ್ಟ' ಹೊಡೆದುಹಾಕಿ 'ಖರ್ಚು' ಎಂದು ತಿದ್ದಿ ಎಂದಿದ್ದೇನೆ. ಬೇರೆಯವರಿಗೆ ತಿಂಗಳ ಲೆಕ್ಕದಲ್ಲಿ ಮಾರಿದ್ದನ್ನು ನಾನು ಕೊಂಡರೆ ಅದು ನಷ್ಟ ಹೇಗಾಗುತ್ತದೆ?